ಕ್ಯೂ ರಾಣಿ ಮತ್ತು ಮಾವನ ಏಳು ಬಿಲ್ಲೆ

ಅಕ್ಷರದ ಬಿಲ್ಲೆಗಳನ್ನು ಹಲಗೆಯ ಮೇಲೆ ಜೋಡಿಸಿ ಇಂಗ್ಲಿಷ್ ಪದ ಕಟ್ಟುವ ಆಟದಲ್ಲಿ ಕ್ಯೂ ಅಕ್ಷರ ಕೈಗೆ ಬಂದರೆ ಮಾಮೂಲಿ ಜನರ ಮುಖ ಸಪ್ಪೆಯಾಗುತ್ತದೆ. ಅದರ ಬೆನ್ನಿಗೆ ಯು ಬರಲಿ ಎಂದು ಕಾಯುತ್ತಾ ಕೂರುತ್ತಾರೆ. ನಮ್ಮ ಹಲ್ಲಿನ ಡಾಕ್ಟರಮ್ಮ ಕಾಯುವ ಪೈಕಿಯಲ್ಲ. ಕ್ಯೂ, ಎ, ಟಿ ಮೂರೇ ಬಿಲ್ಲೆಗಳನ್ನು ಹಲಗೆಯ ಮೇಲೆ ಟಪಟಪ ಇಟ್ಟು, "ಜಗಿಯೋ ಎಲೆ, ಮಾವ. ಹಲ್ಲಿಗೆ ಒಳ್ಳೇದಲ್ಲ" ಎಂದು ಅಂಕ ಬರೆದುಕೊಳ್ಳುತ್ತಾಳೆ. ಝಡ್ ಇರುವ ಪದ, ಜೆ ಇರುವ ಪದ, ಸ್ವರವೇ ಇಲ್ಲದ ಪದ, ಎಲ್ಲವೂ ಅವಳ ನಾಲಿಗೆ ತುದಿಯಲ್ಲೇ. ಅರ್ಧಕ್ಕರ್ಧ ಪದಗಳ ಅರ್ಥ ಅವಳಿಗೆ ಗೊತ್ತಿಲ್ಲ. ಗೊತ್ತಿರಬೇಕೆಂದು ಆಟದ ನಿಯಮವೂ ಹೇಳುವುದಿಲ್ಲ, ಮತ್ತೆ ಅವಳ್ಯಾಕೆ ತಲೆ ಕೆಡಿಸಿಕೊಳ್ಳಬೇಕು? ಅವಳಿಗೆ "ಕ್ಯೂ ರಾಣಿ" ಎಂದು ಹೆಸರಿಟ್ಟವರು ಮಾವನೇ.

ಮಾವ ಹಡಗು ಕಂಪನಿಯೊಂದರಲ್ಲಿ ಟೈಪಿಸ್ಟ್ ಆಗಿದ್ದವರು. ಅವರು ಪದ ಹುಡುಕುವುದು ತಲೆಯಿಂದಲ್ಲ, ಬೆರಳಿನಿಂದ. ಬಿಲ್ಲೆಗಳನ್ನು ನೋಡುತ್ತಾ ಮೇಜಿನ ಅಂಚಿನ ಮೇಲೆ ಸುಮ್ಮನೆ ಟೈಪು ಮಾಡುತ್ತಿದ್ದರು. ಬೆರಳು ಸರಾಗವಾಗಿ ಓಡಿದರೆ ಪದ ಇದೆ ಎಂದೇ ಲೆಕ್ಕ. ಭಾನುವಾರ ಊಟವಾದ ಮೇಲೆ ಇಬ್ಬರೂ ಕಿಟಕಿ ಪಕ್ಕದ ಮೇಜಿಗೆ ಕೂತರೆಂದರೆ ಅಲ್ಲಿ ಮಾವನೂ ಇಲ್ಲ, ಸೊಸೆಯೂ ಇಲ್ಲ. ಎದುರಾಳಿ ಇಟ್ಟ ಪದ ಸುಳ್ಳೆನಿಸಿದರೆ "ಚಾಲೆಂಜ್" ಅನ್ನಬೇಕು. ಡಿಕ್ಷನರಿಯಲ್ಲಿ ಪದ ಇಲ್ಲದಿದ್ದರೆ ಇಟ್ಟವರು ಬಿಲ್ಲೆ ಎತ್ತಿಕೊಂಡು ಸರದಿ ಕಳೆದುಕೊಳ್ಳಬೇಕು, ಇದ್ದರೆ ಕೇಳಿದವರ ಸರದಿ ಹೋಯಿತು. ಮದುವೆಯಾಗಿ ಬಂದ ಮೊದಲ ವಾರವೇ ಸೊಸೆ ಮಾವನಿಗೆ ಚಾಲೆಂಜ್ ಹಾಕಿದ್ದಳು. ಮನೆಯವರೆಲ್ಲ ಉಸಿರು ಬಿಗಿಹಿಡಿದಿದ್ದರೆ ಮಾವ ಮೇಜು ಬಡಿದು ನಕ್ಕಿದ್ದರು.

ಈ ವರ್ಷ ಮಾವನಿಗೆ ಮರೆವು ಶುರುವಾಯಿತು. ಕನ್ನಡಕ ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವುದು ಎಲ್ಲರೂ ಮಾಡುವಂಥದ್ದೇ, ಬಿಡಿ. ಆದರೆ ಮೇಜಿನ ಅಂಚಿನಲ್ಲಿ ಆ ಬೆರಳುಗಳು ತಡವರಿಸತೊಡಗಿದ್ದು ಸೊಸೆಯ ಕಣ್ಣಿಗೆ ಬಿತ್ತು. ಗಂಡ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಾ ಮೆಲ್ಲಗೆ ಹೇಳಿದ: "ಇನ್ಮೇಲೆ ಅಪ್ಪ ಏನಿಟ್ರೂ ಹೂಂ ಅಂದ್ಬಿಡು. ಒಂದು ಆಟ ತಾನೇ? ಖುಷಿಯಾಗಿರ್ಲಿ."

ಅವಳು ಯಾರ ಮಾತಿಗೂ ಸೊಪ್ಪು ಹಾಕುವವಳಲ್ಲ. ಆ ದಿನ ಹಾಕಿದಳು. ಅದೇ ಅವಳು ಮಾಡಿದ ತಪ್ಪು. ಮಾವ "ಟ್ರೋಝ್" ಎಂದೇನೋ ಇಟ್ಟರು. ಅಂಥ ಪದವೇ ಇಲ್ಲ. ಅವಳು ತುಟಿ ಪಿಟಕ್ಕೆನ್ನದೆ ಅಂಕ ಬರೆದಳು.

"ಚಾಲೆಂಜ್ ಇಲ್ವಾ?" ಮಾವ ಕೇಳಿದರು.

"ಇಲ್ಲ ಮಾವ. ಚೆನ್ನಾಗಿದೆ."

"ಚೆನ್ನಾಗಿದೆ" ಎಂಬ ಮಾತನ್ನು ಆ ಮೇಜಿನಲ್ಲಿ ಅವಳು ಯಾವತ್ತೂ ಆಡಿದವಳಲ್ಲ. ಮಾವ ಅವಳ ಮುಖವನ್ನೇ ನೋಡಿದರು. ಆಟ ಮುಗಿಸಿದರು, ಗೆದ್ದರು, ಬಿಲ್ಲೆಗಳನ್ನು ಚೀಲಕ್ಕೆ ತುಂಬಿ ಹಲಗೆಯನ್ನು ತಾವೇ ಬೀರುವಿನ ಮೇಲಿಟ್ಟರು. ಮುಂದಿನ ಭಾನುವಾರ ತಲೆನೋವು. ಅದರ ಮುಂದಿನ ಭಾನುವಾರ ಕಣ್ಣುರಿ. ಆಮೇಲೆ ನೆಪ ಹೇಳುವುದನ್ನೂ ಬಿಟ್ಟರು.

ಕುರ್ಚಿಯಲ್ಲಿ ಕೂತವರು ಕೂತೇ ಇರುತ್ತಿದ್ದರು. ಕಾಫಿ ಬೇಕಾ ಎಂದರೆ ಮಗನ ಮುಖ ನೋಡುತ್ತಿದ್ದರು. ಅವರ ಎದುರೇ ಅವರ ಬಗ್ಗೆ ಮಾತಾಡುವುದು ಮನೆಯಲ್ಲಿ ರೂಢಿಯಾಗುತ್ತಾ ಬಂತು. ಹೀಗೇ ಬಿಟ್ಟರೆ ಮರೆವು ಕಿತ್ತುಕೊಳ್ಳುವ ಮೊದಲೇ ಮಾವನನ್ನು ನಾವೇ ಕಳೆದುಕೊಳ್ಳುತ್ತೇವೆ ಎಂದು ಸೊಸೆಗೆ ಹೊಳೆಯಿತು. ಹುಳುಕು ಹಲ್ಲನ್ನು ಶುಚಿ ಮಾಡದೆ ಮೇಲೆ ಮುಚ್ಚಿ ಕಳಿಸುವ ಡಾಕ್ಟರುಗಳನ್ನು ಅವಳು ಬಾಯಿಗೆ ಬಂದಂತೆ ಬೈಯುತ್ತಿದ್ದಳು. ತಾನು ಮಾಡಿದ್ದೂ ಅದನ್ನೇ.

ಸ್ಟೂಲು ಹತ್ತಿ ಹಲಗೆ ಇಳಿಸಿದಳು. "ಬನ್ನಿ ಮಾವ."

"ಬೇಡಮ್ಮ. ನೀನು ದಾನ ಮಾಡ್ತೀಯ."

"ಒಂದ್ಸಲ ಮಾಡ್ದೆ, ತಪ್ಪಾಯ್ತು. ಇವತ್ತು ನೀವು ಕೈ ಮುಗಿದ್ರೂ ಬಿಡಲ್ಲ."

ಮಾವ ಕನ್ನಡಕ ಸರಿಮಾಡಿಕೊಂಡು ಎದ್ದು ಬಂದರು.

ಆಟ ಜೋರಾಗಿಯೇ ನಡೆಯಿತು. ಎಕ್ಸ್ ಇಟ್ಟು ಮಾವ ಒಳ್ಳೆಯ ಪೆಟ್ಟು ಕೊಟ್ಟರು; ಸೊಸೆ ಝಡ್ ಇಟ್ಟು ಬಡ್ಡಿ ಸಮೇತ ತೀರಿಸಿದಳು. ಕೊನೆಗೆ ಮಾವ ಬಹಳ ಹೊತ್ತು ಯೋಚಿಸಿ, ಕೈಯಲ್ಲಿದ್ದ ಏಳೂ ಬಿಲ್ಲೆಗಳನ್ನು ಸಾಲಾಗಿ ಜೋಡಿಸಿದರು. "ಕ್ವಿಂಡಲ್!" ಏಳೂ ಒಟ್ಟಿಗೆ ಖಾಲಿಯಾದರೆ ಐವತ್ತು ಅಂಕ ಬೇರೆ. ಬಾಗಿಲಲ್ಲಿ ನಿಂತಿದ್ದ ಗಂಡ "ಭಲೇ ಅಪ್ಪ!" ಎಂದು ಚಪ್ಪಾಳೆ ತಟ್ಟಿದ. ಮಾವನ ಮುಖ ಅರಳಿತ್ತು. ಎಷ್ಟು ದಿನವಾಗಿತ್ತು ಆ ಮುಖ ಹಾಗೆ ಅರಳಿ!

ಕ್ಯೂ ಇರುವ ಪದಗಳೆಲ್ಲ ಅವಳಿಗೆ ಅಂಗೈಯ ಗೆರೆಯಷ್ಟು ಪರಿಚಯ. ಇದು ಅವುಗಳಲ್ಲಿಲ್ಲ. ಗಂಡ ಅವಳತ್ತ ನೋಡಿ ಬೇಡ ಬೇಡ ಎಂದು ತಲೆಯಾಡಿಸಿದ. ಆದರೂ ಅವಳ ದನಿ ಗಟ್ಟಿಯಾಗಿಯೇ ಬಂತು.

"ಚಾಲೆಂಜ್."

ಡಿಕ್ಷನರಿ ತೆರೆದವರು ಮಾವನೇ. ಪುಟದ ಮೇಲಿಂದ ಕೆಳಗೆ ನೋಡಿದರು, ಇನ್ನೊಮ್ಮೆ ನೋಡಿದರು. "ಇಲ್ಲ" ಎಂದರು. ಒಂದೊಂದೇ ಬಿಲ್ಲೆ ಎತ್ತಿಕೊಳ್ಳತೊಡಗಿದರು. ಗಂಡನಿಗೆ ತಡೆಯಲಾಗಲಿಲ್ಲ. "ಏನೇ ನೀನು? ಅಪ್ಪನ ಪರಿಸ್ಥಿತಿ ಗೊತ್ತಿದ್ದೂ..."

"ನೀನು ಸುಮ್ನಿರೋ!" ಮಾವ ಮಗನನ್ನು ಗದರಿದರು. "ನಾನು ಮರೀತಿದ್ದೀನಿ ಅಂತ ನನಗೆ ಗೊತ್ತಿಲ್ವಾ? ತಪ್ಪಿದಾಗ ತಪ್ಪು ಅಂತ ಹೇಳೋಕೆ ಒಬ್ರಾದ್ರೂ ಬೇಕು ಕಣೋ. ಇಲ್ದಿದ್ರೆ ನನ್ನ ತಲೇಲಿ ಇನ್ನೂ ಸರಿಯಾಗಿ ಉಳಿದಿರೋದು ಯಾವ್ದು ಅಂತ ನನಗೆ ಹೇಗಪ್ಪಾ ಗೊತ್ತಾಗ್ಬೇಕು?"

ಮಗ ತಲೆ ತಗ್ಗಿಸಿದ. ಮಾವ ಪೆನ್ನು ತೆಗೆದುಕೊಂಡು ತಮ್ಮ ಸಾಲಿನಲ್ಲಿ ತಾವೇ ಸೊನ್ನೆ ಬರೆದರು, ಹಲಗೆಯನ್ನು ಸೊಸೆಯ ಕಡೆ ತಿರುಗಿಸಿದರು.