ಕೈ ಹಚ್ಚಿ ನೋಡ್ರಿ

“ಏನ್ ಬೇ ಅಮ್ರಿ, ಗೊಬ್ಬರದ ಚೀಲ ನುಂಗಿಯೇನು? ಹೊಟ್ಟಿ ನೋಡ್ರಿ ಮೂಳೀದು, ಎಪ್ಪತ್ತು ವರ್ಷಕ್ಕ ಬಸರಾಗ್ಯಾಳ!”

ಬದುವಿನ ಮೇಲೆ ನಿಂತು ಸಂಗನಬಸವ ಗೌಡ ಹೀಗಂದಾಗ ನಾವು ಹನ್ನೆರಡು ಹೆಂಗಸರು ಕೆಸರಲ್ಲಿ ಬಗ್ಗಿ ಭತ್ತದ ಸಸಿ ಹಚ್ಚುತ್ತಿದ್ದೆವು. ಅಮರಮ್ಮ ನನ್ನ ಅತ್ತೆ. ಅವಳು ಗೌಡನ ಗದ್ದೆಯಲ್ಲೇ ಹಸಿರು ನೀರು ಕಕ್ಕಿದಳು.

“ಥೂ! ಕೆಲಸ ತಪ್ಪಿಸಾಕ ನಾಟಕ ಮಾಡಾಕತ್ತಾಳ.”

“ನಾಟಕದಾಗ ಇಷ್ಟು ಹಸಿರು ಬಣ್ಣ ಎಲ್ಲಿ ಸಿಗತೈತ್ರಿ ಧಣಿ?” ಎಂದೆ. ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ.

ಮೂರು ದಿನದಿಂದ ಅತ್ತೆಗೆ ಕೆಳಗಿನಿಂದ ಏನೂ ಹೊರಬಿದ್ದಿರಲಿಲ್ಲ, ಗಾಳಿ ಕೂಡ. ನಮ್ಮ ಓಣಿಗೆ ಅದು ದೊಡ್ಡ ಸುದ್ದಿ. ಅವಳು ಹೂಸು ಬಿಟ್ಟರೆ ಮಲಗಿದ ನಾಯಿ ಎದ್ದು ಜಾಗ ಬದಲಿಸುತ್ತಿತ್ತು. ಈಗ ನಾಯಿ ನಿಶ್ಚಿಂತೆಯಿಂದ ಮಲಗಿತ್ತು, ನಮಗೆ ನಿದ್ದೆಯಿರಲಿಲ್ಲ.

ಅವಳನ್ನು ಎರಡು ಸಲ ಮಸ್ಕಿಯ ಒಂದು ಖಾಸಗಿ ದವಾಖಾನೆಗೆ ಕರೆದೊಯ್ದಿದ್ದೆ. ಅಲ್ಲೊಂದು ಪದ್ಧತಿ. ಗೌಡರು, ಸಾಹುಕಾರರು ಬಂದರೆ ಒಳಗಿನ ಮಂಚದ ಮೇಲೆ ಮಲಗಿಸಿ ಡಾಕ್ಟರು ಹೊಟ್ಟೆ ಒತ್ತಿ ನೋಡುತ್ತಾರೆ. ನಮ್ಮ ಕೇರಿಯವರಿಗೆ ಬಾಗಿಲ ಬಳಿ ಒಂದು ಸ್ಟೂಲು. ಮೇಜಿನ ಆಚೆಯಿಂದಲೇ “ನಾಲಿಗಿ ತೆಗಿ” ಅನ್ನುತ್ತಾರೆ, ಚೀಟಿ ಬರೆಯುತ್ತಾರೆ. ಸೂಜಿಯನ್ನು ನರ್ಸ್ ಅತೀಯಾ ಸೀರೆಯ ಮೇಲಿಂದಲೇ ಚುಚ್ಚಬೇಕು. ಮೊದಲ ದಿನ “ಗ್ಯಾಸು” ಅಂದರು, ಗುಳಿಗೆ ಕೊಟ್ಟರು. ಮರುದಿನವೂ “ಗ್ಯಾಸು” ಅಂದರು, ಭೇದಿಯ ಔಷಧ ಕೊಟ್ಟರು. ಅದು ಬಾಯಿಂದಲೇ ವಾಪಸ್ ಬಂತು.

ಆವತ್ತು ಗದ್ದೆಯಲ್ಲಿ ಕಕ್ಕಿದ ಮೇಲೆ ಕಾಲುವೆಯ ಬಳಿ ಅವಳ ಮೈ ತೊಳೆಯುವಾಗ ತೊಡೆಸಂದಿಯಲ್ಲಿ ಒಂದು ಗಂಟು ಕೈಗೆ ತಾಗಿತು. ನಿಂಬೆಹಣ್ಣಿನಷ್ಟಿತ್ತು. ಮುಟ್ಟಿದರೆ ಚೀರಿದಳು.

“ಇದ್ಯಾವಾಗಿಂದ ಐತಿ ಅತ್ತಿ?”

“ಎರಡು ವರ್ಷಾತು. ಬಗ್ಗಿದ್ರ ಬರತಿತ್ತು, ಮಲಗಿ ಒತ್ತಿದ್ರ ಒಳಗ ಹೋಗತಿತ್ತು. ಬಿಗಿಯಂಗ ಕಚ್ಚಿ ಹಾಕ್ಕೊಂಡು ನಾಟಿ ಹಚ್ಚತಿದ್ದೆ. ಈಗ ಹೋಗವಲ್ದು.”

“ಡಾಕ್ಟರಿಗೆ ಯಾಕ ಹೇಳಲಿಲ್ಲ ನಮ್ಮವ್ವಾ?”

“ಅಂವ ಕೇಳಿದ್ದು ನಾಲಿಗಿ. ತೋರಿಸಿನಿ. ನಾಲಿಗಿ ಮ್ಯಾಲ ಗಂಟು ಇದ್ದಿದ್ರ ಅದನ್ನೂ ತೋರಿಸ್ತಿದ್ದೆ.”

ನಗು ಬಂತು, ಹಿಂದೆಯೇ ಅಳುವೂ ಬಂತು. “ನಾಟಿ ಮುಗಿಸಿ ಹೋಗ್ರಲೇ!” ಎಂದು ಗೌಡ ಕೂಗಿದ. ಕೈಯಲ್ಲಿದ್ದ ಸಸಿಯ ಕಟ್ಟನ್ನು ಅವನ ಕಾಲ ಬುಡಕ್ಕೆ ಒಗೆದು, “ಉಳಿದದ್ದು ನೀವ ಹಚ್ರಿ” ಅಂದು ಅತ್ತೆಯನ್ನು ನಮ್ಮೂರ ಜಾವೀದನ ಆಟೋ ಹತ್ತಿಸಿದೆ.

ದವಾಖಾನೆಯಲ್ಲಿ ಮಂಚ ಖಾಲಿಯಿತ್ತು. ಬಿಳಿ ಹಾಸಿಗೆ ಒಂದು ಸುಕ್ಕೂ ಇಲ್ಲದೆ ಗೌಡರಿಗಾಗಿ ಕಾಯುತ್ತಿತ್ತು.

“ಮತ್ತ ಬಂದ್ರೇನು? ಗ್ಯಾಸ್ ಅಂತ ಹೇಳೀನಲ್ಲ. ಕುಂದ್ರು, ನಾಲಿಗಿ ತೆಗಿ.”

ಅತ್ತೆ ಸ್ಟೂಲನ್ನು ನೋಡಿದಳು. ಡಾಕ್ಟರನ್ನು ನೋಡಿದಳು. ನನ್ನ ಭುಜ ಹಿಡಿದು ಒಳಗೆ ನಡೆದು, ಕೆಸರುಗಾಲಲ್ಲೇ ಮಂಚ ಹತ್ತಿ ಅಂಗಾತ ಮಲಗಿಬಿಟ್ಟಳು!

“ಏಯ್, ಇಳಿ! ಈಗಷ್ಟ ಇಸ್ತ್ರಿ ಮಾಡಿಸಿ ತಂದ ಶೀಟದು!”

“ಇಳಿಯಂಗಿಲ್ಲ. ಕೈ ಹಚ್ಚಿ ನೋಡು.” ಹುಟ್ಟಿದಾಗಿನಿಂದ ಡಾಕ್ಟರೊಬ್ಬರಿಗೆ ಅವಳು ‘ರೀ’ ಬಿಟ್ಟು ಮಾತಾಡಿದ್ದು ಇದೇ ಮೊದಲು. “ಇಲ್ಲಂದ್ರ ಇಲ್ಲೇ ಸಾಯ್ತೀನಿ. ಆಮ್ಯಾಲ ಬರೇ ಕೈ ಅಲ್ಲ, ಹೆಗಲ ಹಚ್ಚಬೇಕಾಕ್ಕೈತಿ ನೋಡು.”

ಬೆಂಚಿನ ಮೇಲಿದ್ದವರೆಲ್ಲ ಬಾಗಿಲಿಗೆ ಬಂದು ನಿಂತರು. “ಅತೀಯಾ, ಇಳಿಸು ಆಕೀನ್ನ,” ಎಂದರು ಡಾಕ್ಟರು. ಅತೀಯಾ ಪರದೆ ಎಳೆದು, “ಕಚ್ಚಿ ಸಡಿಲ ಮಾಡಜ್ಜಿ” ಅಂದಳು.

ಡಾಕ್ಟರು ಒಂದರ ಮೇಲೊಂದು ಎರಡು ಜೋಡಿ ಕೈಗವಸು ತೊಟ್ಟರು. ಹೊಟ್ಟೆ ಒತ್ತಿದರು. ಬೆರಳು ತೊಡೆಸಂದಿಗೆ ಬಂತು. ಅವರ ಮುಖದ ಬಣ್ಣ ಹಾರಿಹೋಯಿತು.

“ಹರ್ನಿಯಾ. ಕರುಳು ಸಿಕ್ಕೊಂಡೈತಿ. ಇವತ್ತ ಆಪರೇಷನ್ ಆಗಬೇಕು, ಇಲ್ಲಂದ್ರ ಕೊಳೀತೈತಿ. ಮೊದಲ ಯಾಕ ಹೇಳಲಿಲ್ಲ?”

“ನೀ ಮೊದಲ ಯಾಕ ನೋಡಲಿಲ್ಲೋ ಬಾಡ್ಯಾ?” ಅಂದಳು ಅತ್ತೆ, ನೋವಿನಲ್ಲೇ.

ಅತೀಯಾ ಅವಳ ಮೂಗಿಗೆ ನಳಿಗೆ ಇಳಿಸಿ, ಸಲೈನ್ ಹಚ್ಚಿ ಆಂಬುಲೆನ್ಸಿಗೆ ಫೋನ್ ಮಾಡಿದಳು. ಸಿಂಧನೂರಿನ ಸರ್ಜನ್ನಮ್ಮ ಹೊಟ್ಟೆ ಕೊಯ್ದಾಗ ಗೇಣುದ್ದ ಕರುಳು ಕಪ್ಪಾಗಿತ್ತಂತೆ. ಅದನ್ನು ಕತ್ತರಿಸಿ ತೆಗೆದು, ಎರಡು ತುದಿ ಸೇರಿಸಿ ಹೊಲಿದರು. ಇನ್ನರ್ಧ ದಿನ ತಡವಾಗಿದ್ದರೆ ಮುದುಕಿ ಉಳಿಯುತ್ತಿರಲಿಲ್ಲ ಅಂದರು.

ಹನ್ನೆರಡನೆಯ ದಿನ ಹೊಲಿಗೆ ಬಿಚ್ಚಿಸಲು ಮಸ್ಕಿಗೇ ಹೋದೆವು. ಮಂಚದ ಮೇಲಿನ ಗೋಡೆಗೆ ಹೊಸ ಬೋರ್ಡು ಬಂದಿತ್ತು: ‘ಅನುಮತಿ ಇಲ್ಲದೆ ಮಂಚ ಹತ್ತಬಾರದು.’

ನಮಗಿಂತ ಮುಂದೆ ಅಕ್ಕಿ ಗಿರಣಿಯ ಹಮಾಲಿ ನರಸಣ್ಣನ ಪಾಳಿ. ಹೊಟ್ಟೆ ಹಿಡಿದುಕೊಂಡು ಒಳಗೆ ಹೋದ. ಬೋರ್ಡಿನ ಮುಂದೆ ನಿಂತು ಗಟ್ಟಿಯಾಗಿ ಪೂರ್ತಿ ಓದಿದ. ಚಪ್ಪಲಿ ಬಿಟ್ಟು, ಅವುಗಳನ್ನು ಬೋರ್ಡಿನ ಕೆಳಗೆ ಜೋಡಿಸಿಟ್ಟು, ಮಂಚ ಹತ್ತಿ ಅಂಗಿ ಮೇಲೆತ್ತಿದ.

“ಏಯ್, ಬೋರ್ಡ್ ಕಾಣಂಗಿಲ್ಲೇನು?”

“ಓದೀನ್ರಿ. ಅಕ್ಷರ ಭಾಳ ಚಂದ ಅದಾವ,” ಅಂದ ನರಸಣ್ಣ. “ಹೂಂ, ಕೈ ಹಚ್ರಿ.”

ಬೆಂಚಿನ ಮೇಲೆ ನಾವಿನ್ನೂ ಒಂಬತ್ತು ಮಂದಿ ಕೂತಿದ್ದೆವು.