ಬಳೆ ಒನ್ ಟೌನಿನಲ್ಲಿ, ದನಿ ವಿಶಾಖಪಟ್ಟಣದಲ್ಲಿ

ಹೈಮಾವತಿ ಅತ್ತೆ ಮಗಳ ಬಾಣಂತನಕ್ಕೆಂದು ವಿಶಾಖಪಟ್ಟಣದ ರೈಲು ಹತ್ತಿದ ಮರುದಿನ ಬೆಳಿಗ್ಗೆ, ಒನ್ ಟೌನ್ ಪೇಟೆಯ ಅವರ ಬಳೆ ಅಂಗಡಿಯಲ್ಲಿ ಅವರ ತಮ್ಮನ ಮಗಳು ಅಖಿಲಾ ಮೊದಲ ಗಿರಾಕಿಗೆ ಹಸಿರು ಗಾಜಿನ ಬಳೆ ತೊಡಿಸಿದಳು. ಆ ಹುಡುಗಿ ಗೋಡೆಯ ಸ್ಕ್ಯಾನರ್ ಚೀಟಿಗೆ ಫೋನು ಹಿಡಿದು, "ಹೋಯ್ತಕ್ಕಾ" ಎಂದು ಹೊರಟೇಹೋದಳು. ಅಂಗಡಿ ಮಾತ್ರ ಮೌನವಾಗಿತ್ತು.

ಅಖಿಲಾ ತಿರುಗಿ ನೋಡಿದಳು. ದುಡ್ಡು ಬಂದಾಗಲೆಲ್ಲ ಇಷ್ಟು ರೂಪಾಯಿ ಬಂತು ಎಂದು ತೆಲುಗಿನಲ್ಲಿ ಬೀದಿಗೇ ಕೇಳುವಂತೆ ಸಾರುವ ಸೌಂಡ್ ಬಾಕ್ಸ್ ಲಕ್ಷ್ಮಿಯ ಪಟದ ಕೆಳಗೆ ಇರಲಿಲ್ಲ. ಅತ್ತೆ ದಿನವೂ ಅದಕ್ಕೆ ಏರಿಸುತ್ತಿದ್ದ ಚೆಂಡುಹೂವು ಮಾತ್ರ ಅಲ್ಲೇ ಬಾಡಿ ಬಿದ್ದಿತ್ತು. ಗಾಬರಿಯಲ್ಲಿ ಫೋನು ಮಾಡಿದಳು.

"ನನ್ನ ಹತ್ರನೇ ಐತಲ್ಲೇ!" ಎಂದರು ಅತ್ತೆ. ಬಳ್ಳಾರಿಯಿಂದ ಈ ತೆಲುಗು ಮನೆಗೆ ಸೊಸೆಯಾಗಿ ಬಂದು ಎಷ್ಟೋ ಕಾಲವಾಗಿದ್ದರೂ ಅವರ ಮಾತು ಬಳ್ಳಾರಿಯದೇ. "ಊರಿಗೆ ಹೋಗೋರು ಗಲ್ಲಾ ಕೀಲಿ ಬಿಟ್ಟು ಹೋಗ್ತಾರೇನು? ನಿಮ್ಮ ಮಾವ ಇದ್ದಾಗ ತಿರುಪತಿಗೆ ಹೋದ್ರೂ ಕೀಲಿ ಸೊಂಟದಾಗೇ ಇರ್ತಿತ್ತು."

"ಅತ್ತೆ, ಅದು ಕೀಲಿ ಅಲ್ಲ..."

"ಮತ್ತೇನು?"

ಕೀಲಿಯಲ್ಲದಿದ್ದರೆ ಅದು ಏನು? ನೋಟು ತರುವವರು ಅಪರೂಪವಾಗಿದ್ದರು. ಕಾರ್ಡು ಉಜ್ಜುವ ಮಷೀನನ್ನು ಬ್ಯಾಂಕಿನವರೇ ವಾಪಸು ಒಯ್ದಿದ್ದರು. ಗಲ್ಲಾದೊಳಗೆ ಈಗ ಪಿನ್ನು, ರಬ್ಬರ್‌ಬ್ಯಾಂಡು, ಒಡೆದ ಬಳೆಯ ಚೂರು.

"ಈಗ ತಾನೇ ಇಲ್ಲಿ ಕೂಗ್ತು, ಎಂಬತ್ತು ರೂಪಾಯಿ ಅಂತ. ಕೊಟ್ಟಾಳ ಬಿಡು ಆ ಹುಡುಗಿ. ಇನ್ಮೇಲೆ ಕೂಗಿದಾಗೆಲ್ಲ ನಾನೇ ಫೋನ್ ಮಾಡ್ತೀನಿ" ಎಂದರು ಅತ್ತೆ, ಸಮಸ್ಯೆ ಬಗೆಹರಿದವರಂತೆ.

ಡಬ್ಬಿಯನ್ನು ಕೊರಿಯರ್ ಮಾಡಿ ಎನ್ನುವ ವಾಕ್ಯವನ್ನು ಅಖಿಲಾ ಮನಸ್ಸಿನಲ್ಲೇ ಹೊಂದಿಸಿಕೊಂಡಳು. ಅದು ಬಾಯಿಗೆ ಬರುವಷ್ಟರಲ್ಲಿ ಆ ಕಡೆ ಮಗು ಅತ್ತು, ಫೋನು ಕಟ್ಟಾಯಿತು.

ಅವಳ ಮಾತೆಲ್ಲ ಹೀಗೆಯೇ. ಡಿಗ್ರಿ ಮುಗಿಸಿ ಹೋದ ಇಂಟರ್‌ವ್ಯೂಗಳಲ್ಲೆಲ್ಲ ಉತ್ತರ ಗೊತ್ತಿದ್ದೂ ಅರ್ಧಕ್ಕೇ ನಿಂತಿತ್ತು. ಆದರೆ ಬಳೆ ಅಂಗಡಿಯಲ್ಲಿ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ಕೈ ಹಿಡಿದು, ಬೆರಳು ಮಡಿಸಿ, ಗೆಣ್ಣಿನ ಮೇಲೆ ನಿಧಾನವಾಗಿ ಬಳೆ ಜಾರಿಸುವಾಗ ಅಪರಿಚಿತರು ಕೂಡ ತಾವಾಗಿಯೇ ಹಗುರವಾಗಿ ಮಾತಿಗೆ ಇಳಿಯುತ್ತಿದ್ದರು. ಅವಳು "ಹೂಂ" ಎಂದರೆ ಸಾಕಿತ್ತು. ಲೋಕದಲ್ಲಿ ತನಗೆಂದೇ ಒಂದು ಜಾಗವಿದ್ದರೆ ಅದು ಬಳೆ ತೊಡಿಸುವ ಈ ಮಣೆಯೇ ಎಂದು ಅವಳಿಗೆ ಅನ್ನಿಸತೊಡಗಿತ್ತು.

ಆ ಜಾಗವೂ ಈಗ ಪರೀಕ್ಷೆಯಲ್ಲಿತ್ತು. ಅಮ್ಮ ಅಂಗಡಿ ಬಿಟ್ಟು ತಮ್ಮಲ್ಲೇ ಇರಲಿ ಎಂಬುದು ಅತ್ತೆಯ ಮಗಳು ಚೈತನ್ಯಾಳ ಹಟ. ಪಕ್ಕದ ಸ್ಟೀಲ್ ಪಾತ್ರೆ ಅಂಗಡಿಯ ಬಾಬ್ಜಿಗೂ ಈ ಜಾಗ ಗೋಡೌನಿಗೆ ಬೇಕಿತ್ತು. "ನಾನು ಬರೋ ತನಕ ನಡೆಸಿ ತೋರಿಸು. ನಡೀತು ಅಂದ್ರ ಇಟ್ಕೊಳ್ಳೋಣ, ಇಲ್ಲಂದ್ರ ಬಾಬ್ಜಿಗೆ ಕೊಟ್ಟುಬಿಡೋಣ" ಎಂದೇ ಅತ್ತೆ ಹೋಗಿದ್ದರು.

ಶ್ರಾವಣ ಬಂತು, ಗಿರಾಕಿಗಳು ಮುಗಿಬಿದ್ದರು. ಇಲ್ಲಿ ಸ್ಕ್ಯಾನ್ ಮಾಡಿದರೆ ಅಲ್ಲಿ ತೊಟ್ಟಿಲ ಪಕ್ಕದಲ್ಲಿ ಡಬ್ಬಿ ಕೂಗುತ್ತಿತ್ತು. ಅತ್ತೆ ಫೋನು ಮಾಡುತ್ತಿದ್ದರು.

"ನೂರಾ ಇಪ್ಪತ್ತು ಯಾರದೇ?"

"ಕೆಂಪು ಬಳೆಯವರದು ಇರಬೇಕು."

"ಇರಬೇಕು ಅಂದ್ರೇನು? ಅರವತ್ತು ಬಂತು ನೋಡು ಈಗ."

"ಅರವತ್ತಿನವರು ಹೋಗಿ ಆಗ್ಲೇ ಹೊತ್ತಾಯ್ತು ಅತ್ತೆ."

"ಹಂಗಾದ್ರ ಇದು ಇನ್ಯಾರದೋ!"

ಇನ್ಯಾರೋ ಎಂದರೆ ಯಾರು? ಎದುರಿಗೆ ನಿಂತವರು ಹಸಿರು ಟಿಕ್ ಗುರುತು ತೋರಿಸಿದರೆ ಅವಳು ಅರ್ಧ ನೋಡಿ ತಲೆಯಾಡಿಸುತ್ತಿದ್ದಳು. ಫೋನನ್ನು ಹತ್ತಿರ ತರಲು ಹೇಳುವುದೆಂದರೆ ನೀವು ಕಳ್ಳರೋ ಎಂದು ಕೇಳಿದಂತೆ ಅವಳಿಗೆ.

ಒಂದು ಮಧ್ಯಾಹ್ನ ಸೀಮಂತದ ಮನೆಯವರೊಬ್ಬರು ಬಂದರು. ಬಂದವರಿಗೆಲ್ಲ ಹಂಚಲು ಡಜನ್‌ಗಟ್ಟಲೆ ಬಳೆ ಆರಿಸಿದರು. ಮುಂಗೈಯಲ್ಲಿ ಹಳೆಯ ಸುಟ್ಟ ಗಾಯದ ಕಲೆಯಿದ್ದ ಆ ಹೆಂಗಸು ಮೂರು ಸಾವಿರದ ಎರಡು ನೂರನ್ನು ಒಮ್ಮೆಗೇ ಸ್ಕ್ಯಾನ್ ಮಾಡಿ, "ನೋಡಮ್ಮಾ, ಹೋಯ್ತು" ಎಂದು ಆಟೋ ಹತ್ತಿದರು.

ಅತ್ತೆಯ ಫೋನು ಬರಲಿಲ್ಲ. ಸಂಜೆ ಅಖಿಲಾಳೇ ಮಾಡಿದಳು.

"ಮೂರು ಸಾವಿರನಾ? ಇಲ್ಲಮ್ಮಿ, ಕೂಗೇ ಇಲ್ಲ ಅದು! ಹೆಂಗಿದ್ಲು ಆಕಿ? ಗುರುತು ಹೇಳು."

"ಕೈ ಮೇಲೆ ಒಂದು ಕಲೆ..."

"ಮುಖ?"

ಮುಖ ನೆನಪಿರಲಿಲ್ಲ. ಅವಳು ನೋಡಿಯೇ ಇರಲಿಲ್ಲ.

ಸುದ್ದಿ ಕೇಳಿ ಬಾಬ್ಜಿ ಬಾಗಿಲಿಗೆ ಬಂದು ನಿಂತ. "ಹಳೇ ಟಿಕ್ ಗುರುತಿನ ಫೋಟೋ ತೋರಿಸಿ ಹೋಗಿರ್ತಾರೆ ಅಮ್ಮಾಯಿ. ನಮ್ಮಲ್ಲೂ ಕುಕ್ಕರ್ ಹಾಗೇ ಹೋಯ್ತು. ನೀನು ಓದಿದವಳು, ನಿನಗ್ಯಾಕೆ ಈ ಬೀದಿ ವ್ಯಾಪಾರ? ನಿಮ್ಮತ್ತೆಗೆ, ಅಕ್ಕಗಾರುಗೆ, ನಾನೇ ಹೇಳ್ತೀನಿ ಬಿಡು." ಕನಿಕರದ ದನಿಯಲ್ಲೇ ಹೇಳುತ್ತ ಅವನು ಕಣ್ಣಲ್ಲೇ ಗೋಡೆಯ ಉದ್ದ ಅಳೆಯುತ್ತಿದ್ದ.

ಮಾರನೆಯ ದಿನ ಅತ್ತೆ ಚುಟುಕಾಗಿ, "ಬಾಬ್ಜಿಗೆ ಹೂಂ ಅಂದುಬಿಡ್ತೀನಮ್ಮಿ, ಸಾಕು" ಎಂದರು. ಬೈಯಲಿಲ್ಲ. ಬೈದಿದ್ದರೆ ಅಖಿಲಾಗೆ ಅಳುವುದಾದರೂ ಸಾಧ್ಯವಾಗುತ್ತಿತ್ತು. ತಾನು ಮೋಸ ಹೋದೆನೋ, ಆ ಕೈಯನ್ನು ಸುಮ್ಮನೆ ಅನುಮಾನಿಸುತ್ತಿದ್ದೇನೋ, ಅದೇ ಅವಳಿಗೆ ಗೊತ್ತಾಗಲಿಲ್ಲ.

ಮಧ್ಯಾಹ್ನ ಚೈತನ್ಯಾಳ ಫೋನು. ತೆಲುಗಿನವರ ವಾಡಿಕೆಯಂತೆ ಅಖಿಲಾ ತನಗಿಂತ ದೊಡ್ಡವಳಾದ ಅವಳನ್ನು ವದಿನಾ, ಅಂದರೆ ಅತ್ತಿಗೆ, ಎನ್ನುತ್ತಿದ್ದಳು.

"ಅಖಿಲಾ, ಒಂದ್ ಮಾತು. ಆ ದುಡ್ಡು ಬಂದಿದೆ."

"ಎಲ್ಲಿಗೆ?"

"ನನ್ನ ಅಕೌಂಟಿಗೇ ಅಲ್ವಾ ಬರೋದು, ಅಮ್ಮಂದು ಬಟನ್ ಫೋನು. ನಿನ್ನೆ ಪಾಪು ನಿದ್ದೆ ಮಾಡ್ತಿತ್ತು ಅಂತ ಡಬ್ಬಿ ಆಫ್ ಮಾಡಿದ್ದೆ. ರಾತ್ರಿ ಮೆಸೇಜು ನೋಡ್ದೆ. ಅಷ್ಟೊತ್ತಿಗೆ ಅಮ್ಮ ಅಂಗಡಿ ಬಿಡ್ತೀನಿ ಅಂತಿದ್ರು. ನಾನು ಸುಮ್ನಾದೆ. ನೀನು ಮೋಸ ಹೋದೆ ಅಂದ್ಕೋಬಾರ್ದು ಅಂತ ಈಗ ಹೇಳ್ತಿದೀನಿ."

ಆ ಕಲೆಯ ಕೈ ಮೋಸ ಮಾಡಿರಲಿಲ್ಲ ಎಂಬ ಸಂತೋಷವೂ, ಇವಳ ಮೇಲಿನ ಸಿಟ್ಟೂ ಅಖಿಲಾಗೆ ಒಟ್ಟಿಗೇ ಬಂದವು.

"ನಿನಗೆ ಬೇರೆ ಕೆಲಸ ಸಿಗುತ್ತೆ ಕಣೇ. ನನಗೆ ಬೇರೆ ಅಮ್ಮ ಸಿಗ್ತಾರಾ? ಅವರು ಊರಿಗೆ ವಾಪಸ್ ಹೋದರೆ ಈ ಮನೆಯಲ್ಲಿ ನಾನು, ಪಾಪು, ಗೋಡೆ. ಗಂಡ ಅನ್ನಿಸ್ಕೊಂಡ ಫಣೀಂದ್ರ ಬಂದರಿನ ಶಿಫ್ಟು ಮುಗಿಸಿ ಬರೋದು ಮಲಗೋಕೆ. ಹೇಳ್ತೀಯಾ ಅಮ್ಮಂಗೆ?"

ಹೇಳಿದರೆ ಒಬ್ಬ ಬಾಣಂತಿಯಿಂದ ಅಮ್ಮನನ್ನು ಕಿತ್ತುಕೊಂಡಂತೆ. ಹೇಳದಿದ್ದರೆ ಆ ಹೆಂಗಸು ಈ ಬೀದಿಯ ಬಾಯಲ್ಲಿ ಶಾಶ್ವತವಾಗಿ ಕಳ್ಳಿ. ಯಾವುದು ಸರಿ ಎಂದು ತೂಗಲು ಹೋದಷ್ಟೂ ತಕ್ಕಡಿಯೇ ಅಲ್ಲಾಡಿತು.

"ನೀವೇ ಹೇಳಿ ವದಿನಾ" ಎಂದಳು ಕೊನೆಗೆ. "ಹೇಳದಿದ್ರೆ ನಾನು ಹೇಳ್ತೀನಿ." ತನ್ನ ವಾಕ್ಯ ಕೊನೆಯವರೆಗೂ ಹೋದದ್ದು ಕೇಳಿ ಅವಳಿಗೇ ಬೆರಗು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಒಬ್ಬರು ಗಿರಾಕಿ ಬಂದರು. ರಾಜಮ್ಮ ಎಂಬ ಮುದುಕಿ, ಕೀಲು ಗಟ್ಟಿಯಾದ ಕೈ. ಬಳೆ ಗೆಣ್ಣಿನ ಮೇಲೆ ಬಂದು ನಿಂತಾಗ ಫೋನು ಬಡಿದುಕೊಂಡಿತು. ಕೈ ಬಿಟ್ಟರೆ ಗಾಜು ಒಡೆದೀತು. ಅಖಿಲಾ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಳು.

"ಚೈತೂ ಹೇಳಿದ್ಲು" ಎಂದರು ಅತ್ತೆ. "ನನಗೂ ಏನೂ ತಿಳೀವಲ್ದು ಅಮ್ಮಿ. ದುಡ್ಡು ಬಂದಿಲ್ಲ ಅಂದಾಗ ಒಳಗೊಳಗೇ ಹಗುರ ಆಗಿತ್ತು. ಇನ್ನು ಈ ಕೂಸಿನ ಹತ್ರನೇ ಇರಬಹುದು ಅಂತ. ಬಂದೈತೆ ಅಂದ್ಲು, ಅದಕ್ಕೂ ಖುಷಿ ಆಗ್ಯದ. ಎರಡೂ ಹೆಂಗ ಆಗ್ತಾವು?"

ಅಖಿಲಾ ಮುದುಕಿಯ ಬೆರಳನ್ನು ಇನ್ನಷ್ಟು ಮಡಿಸಿದಳು.

"ನಾನು ಇಲ್ಲೇ ಇರ್ತೀನಿ. ಅಂಗಡಿ ನಿನಗೆ ಬೇಕೇನು? ಬೇಕಂದ್ರ ಬಾಯಿಬಿಟ್ಟು ಹೇಳು. ಸ್ಕ್ಯಾನರ್ ನಿನ್ನ ನಂಬರಿಗೆ ಮಾಡಿಸೋಣ. ಆಮ್ಯಾಲ ಬಂದದ್ದೂ ನಿಂದೇ, ಮೋಸ ಹೋದದ್ದೂ ನಿಂದೇ. ನನಗೆ ಫೋನ್ ಮಾಡಬ್ಯಾಡ."

ಬೇಕೋ ಬೇಡವೋ ಎಂದು ಯೋಚಿಸಲು ಸಮಯವಿರಲಿಲ್ಲ. ಬಳೆ ಗೆಣ್ಣಿನ ಮೇಲೇ ನಿಂತಿತ್ತು, ಫೋನು ಜಾರುತ್ತಿತ್ತು.

"ಬೇಕು!" ಎಂದಳು ಅಖಿಲಾ, ಅಂಗಡಿಯೆಲ್ಲ ಕೇಳುವಂತೆ.

ರಾಜಮ್ಮ ಬೆಚ್ಚಿಬಿದ್ದರು. ಆ ಬೆಚ್ಚಿದ್ದರಲ್ಲೇ ಬಳೆ ಗೆಣ್ಣು ದಾಟಿ ಮಣಿಕಟ್ಟಿಗೆ ಇಳಿಯಿತು. "ಏನು ಬೇಕಮ್ಮಾ?" ಎಂದು ಅವರು ಕೇಳುತ್ತಲೇ ಇದ್ದರು. ಫೋನಿನಲ್ಲಿ ಅತ್ತೆ ನಗುತ್ತಿದ್ದರೋ ಅಳುತ್ತಿದ್ದರೋ, ಅಥವಾ ಅದು ಮಗುವಿನ ದನಿಯೋ, ಅಖಿಲಾಗೆ ತಿಳಿಯಲಿಲ್ಲ. ಅವಳು ಮೊದಲ ಬಾರಿಗೆ ತಲೆಯೆತ್ತಿ ಗಿರಾಕಿಯ ಮುಖವನ್ನು ನೋಡಿದಳು.