ಕುದುರೆ ಬಾಲದ ಸೋರೆ ಬುರುಡೆ

"ನಿಂದು ಅಂತ ಒಂದು ನೆಲ ಆಗೋಗಂಟ ಇದರ ಬಾಯಿ ತೆಗೀಬ್ಯಾಡ ಕಣವ್ವ" ಎಂದು ಕಡಬದ ಅತ್ತೆ ಚನ್ನಬಸಮ್ಮ ಸೋರೆ ಬುರುಡೆಯೊಂದನ್ನು ಕೈಗಿಟ್ಟಾಗ, ಆಗಿನ್ನೂ ಹೊಸ ಸೊಸೆಯಾಗಿದ್ದ ಉಮಾಮಹೇಶ್ವರಿ, "ಆಗ್ಲಿ ಅತ್ತೆ, ತೆಗೆಯಲ್ಲ" ಎಂದು ಮಾತು ಕೊಟ್ಟಿದ್ದಳು.

ಒಣಗಿಸಿ ಟೊಳ್ಳು ಮಾಡಿದ ಸೋರೆಕಾಯಿ. ಬಾಯಿಗೆ ಬಟ್ಟೆ, ಬಟ್ಟೆಯ ಮೇಲೆ ಸಗಣಿ ಮಣ್ಣು ಮೆತ್ತಿತ್ತು. ಒಳಗೆ ಯಾವ ಬೀಜ ಎಂದು ಅತ್ತೆ ಹೇಳಲಿಲ್ಲ, ಹೇಳದೆಯೇ ತೀರಿಕೊಂಡರು. ಹೊಲ ಮೈದುನ ಸಂಗಮೇಶನ ಪಾಲಿಗೆ ಹೋಯಿತು. ಉಮಾಮಹೇಶ್ವರಿಯ ಪಾಲಿಗೆ ತುಮಕೂರಿನ ಬಾಡಿಗೆ ಮನೆ, ಅದರ ಅಡುಗೆಕೋಣೆಯ ಮೊಳೆಯಲ್ಲಿ ನೇತಾಡುವ ಈ ಬುರುಡೆ. ಅಲ್ಲಾಡಿಸಿದರೆ ಗಿಲಿಗಿಲಿ ಎನ್ನುತ್ತಿತ್ತು.

"ಅವರೆ ಇರ್ಬೋದಾಮ್ಮ? ಇಲ್ಲ ತೊಗರಿನಾ?" ಮಗಳು ಮಧುಶ್ರೀ ಕಿವಿಗಿಟ್ಟುಕೊಂಡು ಕೇಳುವಳು. ಕೇಳಿ ಕೇಳಿ ತಾಯಿಗೂ ಅದೇ ಕೊರೆತ ಹತ್ತಿತ್ತು.

ಈ ಸಲ ಮಳೆಗಾಲಕ್ಕೆ ತುಮಕೂರಿನ ಹೂತೋಟದ ಸಂಘದವರು ಸ್ಪರ್ಧೆ ಇಟ್ಟರು. ಒಬ್ಬೊಬ್ಬರಿಗೆ ಹತ್ತಡಿ ಚೌಕದ ಜಾಗ, ನಿಮ್ಮ ಕಲ್ಪನೆಯ ತೋಟ ಮಾಡಿ, ದೀಪಾವಳಿ ಕಳೆದ ಮೇಲೆ ತೀರ್ಪು. ಮಧುಶ್ರೀ ಅಮ್ಮನ ಹೆಸರು ಕೊಟ್ಟೇಬಿಟ್ಟಳು.

"ನೆಲ ಸಿಕ್ತಲ್ಲಮ್ಮ, ತೆಗಿ!"

"ನಾಕ್ ತಿಂಗಳಿನ ನೆಲ ಕಣೇ ಅದು. ನಮ್ದಾ?"

ಊರಿಂದ ಬಂದಿದ್ದ ಸಂಗಮೇಶ ನಕ್ಕ. "ಬೀಜ ಏನ್ ಕಲ್ಲಾ ಅತ್ಗೆ? ಇನ್ನೊಂದೆರಡು ವರ್ಸ ಹಿಂಗೇ ನೇತಾಕಿದ್ರೆ ಒಳಗೇ ಸತ್ತೋಯ್ತವೆ. ಮಾತು ಉಳುಸ್ಕೊಂಡು ಬೀಜ ಸಾಯಿಸ್ತೀರಾ?"

ಆ ಮಾತು ನಾಟಿತು. ಮರುದಿನ ಉಮಾಮಹೇಶ್ವರಿ ಚಾಕುವಿನಿಂದ ಮಣ್ಣು ಕೆರೆದು ಬಟ್ಟೆ ಬಿಚ್ಚಿದಳು. ಮೊದಲು ಬೂದಿ ಸುರಿಯಿತು, ಬೂದಿಯ ಜೊತೆ ಚಪ್ಪಟೆ ಬೀಜಗಳು.

"ಥೂ, ಸೋರೆಕಾಯಾ!" ಮಧುಶ್ರೀಯ ಮುಖ ಬಾಡಿತು.

ಸಂಗಮೇಶ ಮಾತ್ರ ಒಂದು ಬೀಜವನ್ನು ಅಂಗೈಯಲ್ಲಿ ಹೊರಳಿಸುತ್ತ ನಿಂತ. "ಇದು ಕಹಿ ಸೋರೆ ಕಣಮ್ಮಿ. ಬುರುಡೆ ಮಾಡಕ್ಕೇ ಅಂತ ಅವ್ವ ಬೆಳೀತಿದ್ದಿದ್ದು. ಈಗ ನಮ್ ಕಡೆ ಎಲ್ಲೂ ಈ ತಳಿ ಇಲ್ಲ."

ಅಷ್ಟೂ ಬೀಜ ಬಿತ್ತಿದಳು. ಎದುರಿನ ಜಾಗದಲ್ಲಿ ಗುಬ್ಬಿಯವರು ಚೆಂಡುಹೂವಿನ ಹೆಲಿಕಾಪ್ಟರ್ ಎಬ್ಬಿಸುತ್ತಿದ್ದರು. ಪಕ್ಕದಲ್ಲಿ ಕುಣಿಗಲ್ಲಿನ ಬಸವರಾಜ್ ಕಬ್ಬಿಣದ ಸರಳು ಬಗ್ಗಿಸಿ, ಮೈತುಂಬ ಹೂಗಿಡ ಕೂರಿಸಿ ಕುದುರೆ ನಿಲ್ಲಿಸಿದ್ದ. ಉಮಾಮಹೇಶ್ವರಿಯದು ಬರೀ ಕೆಂಪು ಮಣ್ಣು.

"ಅಕ್ಕ, ಇದು ತೋಟನಾ, ಸೈಟಾ?" ಎಂದು ಬಸವರಾಜ್ ರೇಗಿಸಿದ.

ಕೊನೆಗೆ ಒಂದೇ ಒಂದು ಬೀಜ ಮೊಳೆಯಿತು, ಅವನ ಕುದುರೆಗೆ ಹಾಕಿದ ನೀರು ಹರಿದು ಬರುತ್ತಿದ್ದ ಮೂಲೆಯಲ್ಲಿ. ಇವಳು ಕಟ್ಟಿದ ಚಪ್ಪರದ ಕಡೆ ಬಳ್ಳಿ ತಿರುಗಿಯೂ ನೋಡಲಿಲ್ಲ. ನೇರ ಕುದುರೆಯ ಹಿಂಗಾಲು ಹಿಡಿಯಿತು.

"ಅಕ್ಕೋ! ನಿಮ್ ಬಳ್ಳಿ ನನ್ ಕುದ್ರೆ ಕಾಲ್ ಕಟ್ಟಾಕ್ತೈತೆ!"

ಅವಳು ಓಡಿ ಬಂದು ಬಿಡಿಸಹೋದರೆ ಅವನೇ ತಡೆದ. "ಬುಡ್ರಕ್ಕ, ಎಲ್ಲೀಗಂಟ ಹೋಯ್ತದೋ ನೋಡನ."

ಅದು ಬೆನ್ನೇರಿ ಬಾಲದವರೆಗೂ ಹೋಯಿತು. ದಿನಾ ಸಂಜೆ ಬಿಳಿ ಹೂ ಅರಳಿಸಿ, ತೀರ್ಪುಗಾರರು ಬರುವ ಹೊತ್ತಿಗೆ ಮೂರು ಕಾಯಿ ಇಳಿಬಿಟ್ಟಿತ್ತು. ತೀರ್ಪುಗಾರ್ತಿಯೊಬ್ಬರು ಒಂದನ್ನು ತಟ್ಟಿ ನೋಡಿದರು.

"ಪಲ್ಯಕ್ಕಾಗುತ್ತಾ?"

"ಇಲ್ಲ ಮೇಡಂ, ಕಹಿ. ಬೀಜ ಇಡೋ ಬುರುಡೆ ಮಾಡ್ತಾರೆ."

"ಯಾವ ಬೀಜ?"

"ನಮ್ಮತ್ತೆ ಇದರದ್ದೇ ಇಟ್ಟಿದ್ರು."

ಅವರು ನಕ್ಕು ಮುಂದೆ ಹೋದರು. ಕುದುರೆಗೆ ಮೊದಲ ಬಹುಮಾನ ಬಂತು. ಗೆದ್ದ ತೋಟ ಸಂಕ್ರಾಂತಿಯವರೆಗೆ ಇರುತ್ತದೆ, ಮಿಕ್ಕವನ್ನು ನಾಳೆಯೇ ಕೀಳುತ್ತೇವೆ ಎಂದರು ಸಂಘದವರು. ಉಮಾಮಹೇಶ್ವರಿ ಹೋಗಿ ಮೂರನ್ನೂ ಒತ್ತಿ ನೋಡಿದಳು. ಕಾಯಿ ಇನ್ನೂ ಹಸಿರು, ಒಳಗೆ ಬೀಜ ಬಲಿತಿಲ್ಲ. ಬಳ್ಳಿ ಕಿತ್ತರೆ ಮಾತೂ ಹೋಯಿತು, ಬೀಜವೂ ಹೋಯಿತು.

ಬೆಳಿಗ್ಗೆ ಗುದ್ದಲಿ ಹಿಡಿದು ಬಂದವನಿಗೆ ಬಸವರಾಜ್ ಅಡ್ಡ ನಿಂತ. "ಏಯ್, ಆ ಬಳ್ಳಿ ಬುಡ ಮುಟ್ಟಬ್ಯಾಡ ಕಣೋ. ಅದು ನನ್ ಕುದ್ರೆ ಬಾಲ."

"ಬುಡ ಅವರ ಜಾಗದಾಗೈತಲ್ಲಣ್ಣ?"

"ಇರ್ಲಿ. ಫಸ್ಟ್ ಪ್ರೈಜ್ ಕುದ್ರೆ ಮೋಟಾದ್ರೆ ಸಂಘದೋರಿಗೆ ನೀನೇ ಉತ್ತರ ಹೇಳ್ತೀಯಾ?"

ಗುದ್ದಲಿಯವನು ತಲೆ ಕೆರೆದುಕೊಂಡು ಹೆಲಿಕಾಪ್ಟರ್ ಕಡೆ ನಡೆದ.

ಸಂಕ್ರಾಂತಿಯ ಹೊತ್ತಿಗೆ ಕುದುರೆಯ ಹೂವೆಲ್ಲ ಉದುರಿ ಸರಳು ಉಳಿದಿತ್ತು. ಸರಳಿಗೆ ಮೂರು ಒಣ ಬುರುಡೆ ಜೋತಿದ್ದವು. ಮಧುಶ್ರೀ ಒಂದನ್ನು ಕಿತ್ತು ಕಿವಿಗಿಟ್ಟು ಅಲ್ಲಾಡಿಸಿದಳು. ಗಿಲಿಗಿಲಿ ಎಂದಿತು. ಅದನ್ನು ಬಸವರಾಜನಿಗೆ ಕೊಟ್ಟು, ಇನ್ನೆರಡನ್ನು ಮನೆಗೆ ತಂದು ಅದೇ ಮೊಳೆಗೆ ನೇತುಹಾಕಿದರು.

ಮನೆ ಈಗಲೂ ಬಾಡಿಗೆಯದು. ಅತ್ತೆಗೆ ಕೊಟ್ಟ ಮಾತನ್ನು ಉಮಾಮಹೇಶ್ವರಿ ಮುರಿದಿದ್ದಳು, ಅತ್ತೆಯ ಬೀಜ ಮಾತ್ರ ಮತ್ತೆ ಮೊಳೆಯಲ್ಲಿ ನೇತಾಡುತ್ತಿತ್ತು.